ಬಯಲುಸೀಮೆಯಲ್ಲೊಂದು ಹಡಗು

ಹಡಗು ಕಡಲ ತೀರದವರ ಸೊತ್ತೆಂದು ನಾವು ಭಾವಿಸಿದ್ದೇವೆ. ಕಡಲಿಲ್ಲದ ನಾಡಿನವನು ಹಡಗಿನ ಮಾತನ್ನಾಡಿದರೆ ಕೇಳುವವರಿಗೆ ನಗೆ ಬರುವುದು ಸಹಜ. ರಾಯಚೂರು ತಾಲ್ಲೂಕಿನ ಮಟಮಾರಿಯಂತಹ ಊರಿನಿಂದ ಪಶ್ಚಿಮ ಸಮುದ್ರವು ಮುನ್ನೂರೈವತ್ತು ಕಿಲೋಮೀಟರಿಗಿಂತಲೂ ದೂರದಲ್ಲಿದೆ. ಅಲ್ಲಿ ಕಣ್ಣಿಗೆ ಬೀಳುವುದು ಎರೆಯ ಹೊಲ, ಹತ್ತಿ, ಜೋಳ, ತೊಗರಿ. ಬೇಸಿಗೆಯಲ್ಲಿ ಕಾದ ನೆಲದ ಮೇಲೆ ಕುಣಿಯುವ ಬಿಸಿಲ್ಗುದುರೆ. ಅಂತಹ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳು ಕುಳಿತು, ಹಿಂದಿನ ಕಾಲದ ಹಾಯಿಹಡಗುಗಳ ಮಾದರಿಗಳನ್ನು ಅಳತೆ ತಪ್ಪದಂತೆ ಮರದಲ್ಲಿ ಕಟ್ಟಬೇಕೆಂದು ಯಾರಾದರೂ ಹೇಳಿದರೆ, ‘ಇದೆಂತಹ ಹುಚ್ಚು!’ ಎನ್ನುವವರೇ ಹೆಚ್ಚು. ಆ ಹುಚ್ಚನ್ನು ಸಮರ್ಥಿಸುವುದೇ ಈ ಬರಹದ ಉದ್ದೇಶ.

ಕಡಲಿಗೂ ಈ ನಾಡಿಗೂ ಸಂಬಂಧವಿಲ್ಲವೆಂಬ ಮಾತೇ ಅರೆಸತ್ಯ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ತೊರೆಗಳ ಎಡೆಯಲ್ಲಿರುವ ನಾಡೆಂಬುದೇ ಆ ಹೆಸರಿನ ಅರ್ಥ. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಬಳಿಕ ಬಿಜಾಪುರದವರೂ ತಲೆಮಾರುಗಳವರೆಗೆ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುಕೊಂಡ ಕಾಳಗದ ವಿಸ್ತಾರವಾದ ವರ್ಣನೆ ನಮಗೆ ದೊರೆತಿರುವುದು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸನ ಬರಹದಲ್ಲಿ. ಈ ನೂನಿಜ್ ಯಾರು? ಕುದುರೆಯ ವ್ಯಾಪಾರಿ. ಆ ಕಾಲದ ದಂಡಿಗೆ ಬೇಕಾದ ಉತ್ತಮ ಜಾತಿಯ ಕುದುರೆಗಳು ಅರಬ್ಬೀ ನಾಡಿನಿಂದಲೂ ಪಾರಸಿಕ ನಾಡಿನಿಂದಲೂ ಹಡಗುಗಳಲ್ಲಿ ಬರುತ್ತಿದ್ದವು. ಹೊರ್ಮುಜಿನಲ್ಲಿ ಹಡಗನ್ನೇರಿದ ಕುದುರೆಯು ಗೋವೆಯಲ್ಲೋ ಭಟ್ಕಳದಲ್ಲೋ ಇಳಿದು, ಘಟ್ಟವನ್ನು ಹತ್ತಿ, ಒಳನಾಡಿಗೆ ಬರುತ್ತಿತ್ತು. ರಾಯಚೂರಿನ ಕೋಟೆಯ ಮುಂದೆ ಕೆನೆದ ಕುದುರೆಗಳಲ್ಲಿ ಎಷ್ಟೋ ಕುದುರೆಗಳು ಅದಕ್ಕೂ ಮೊದಲು ಹಾಯಿಹಡಗಿನ ಒಡಲಿನಲ್ಲಿ ತೂಗಾಡುತ್ತ ಬಂದಿದ್ದವು. ಗಾಳಿ ಕೈಕೊಟ್ಟಿದ್ದರೆ ದಂಡು ಕುಂಟುತ್ತಿತ್ತು. ಎಡೆದೊರೆಯ ಇತಿಹಾಸವನ್ನು ಓದುವವನು ಹಡಗಿನ ಸಂಗತಿಯನ್ನು ಬಿಟ್ಟು ಓದಲಾರನು.

ಇರಲಿ, ಹಡಗಿನ ವಿಷಯವನ್ನು ಪುಸ್ತಕದಲ್ಲಿ ಓದಿದರೆ ಸಾಲದೆ? ಮಾದರಿಯನ್ನೇ ಏಕೆ ಕಟ್ಟಬೇಕು? ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಮಾದರಿಯೆಂದರೇನು ಎಂಬುದನ್ನು ತಿಳಿಯಬೇಕು. ಜಾತ್ರೆಯಲ್ಲಿ ಮಾರುವ ಬೊಂಬೆಯ ಹಡಗು ಮಾದರಿಯಲ್ಲ. ಬೊಂಬೆಯು ಹಡಗಿನಂತೆ ಕಂಡರೆ ಸಾಕು. ಮಾದರಿಯು ಹಡಗಿನಂತೆ ಕಟ್ಟಲ್ಪಟ್ಟಿರಬೇಕು. ನಿಜವಾದ ಹಡಗಿನಲ್ಲಿ ಬೆನ್ನೆಲುಬಿನಂತೆ ಉದ್ದಕ್ಕೂ ಮಲಗಿರುವ ಅಡಿಮರವೊಂದಿರುತ್ತದೆ. ಅದರಿಂದ ಎರಡು ಕಡೆಗೂ ಬಾಗಿ ಮೇಲೇಳುವ ಪಕ್ಕೆಲುಬುಗಳು, ಅವುಗಳ ಮೇಲೆ ಹೊದಿಸಿದ ಹಲಗೆಗಳು, ನಡುವೆ ನೆಟ್ಟ ಕೂವೆಮರ, ಕೂವೆಮರವನ್ನು ಬಿಗಿದು ಹಿಡಿದ ಹಗ್ಗಗಳು, ಹಾಯಿ, ಹಿಂಬದಿಯಲ್ಲಿ ಚುಕ್ಕಾಣಿ, ಮುಂಬದಿಯಲ್ಲಿ ಲಂಗರು. ಇವೆಲ್ಲವೂ ಒಂದೇ ಪ್ರಮಾಣದಲ್ಲಿ ಕಿರಿದಾಗಿ, ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಾಗ ಮಾತ್ರ ಅದು ಮಾದರಿಯಾಗುತ್ತದೆ. ಒಂದು ಪಕ್ಕೆಲುಬು ಬೆರಳಗಲ ಹೊರಗೆ ಚಾಚಿಕೊಂಡಿದ್ದರೂ ಮೇಲಿನ ಹಲಗೆ ಕೂರುವುದಿಲ್ಲ. ಪುಸ್ತಕವು ಓದುಗನ ತಪ್ಪು ತಿಳಿವಳಿಕೆಯನ್ನು ಸಹಿಸಿಕೊಳ್ಳುತ್ತದೆ; ಮರವು ಸಹಿಸುವುದಿಲ್ಲ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಮಾದರಿಗಳನ್ನು ಬಹುಮಟ್ಟಿಗೆ ೪೮ರಲ್ಲಿ ಒಂದು ಭಾಗದ ಪ್ರಮಾಣದಲ್ಲಿ ಮಾಡುತ್ತಿದ್ದರು. ಅವುಗಳ ಕೆಳಭಾಗಕ್ಕೆ ಹಲಗೆಯನ್ನು ಹೊದಿಸದೆ, ಪಕ್ಕೆಲುಬುಗಳು ಕಾಣುವಂತೆ ತೆರೆದಿಡುವುದು ವಾಡಿಕೆಯಾಗಿತ್ತು. ನೌಕಾಡಳಿತದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಸಾಮ್ಯುಯೆಲ್ ಪೀಪ್ಸ್ ಇಂತಹ ಮಾದರಿಗಳನ್ನು ಆಸೆಪಟ್ಟು ಸಂಗ್ರಹಿಸಿದ್ದನು. ಆ ಕಾಲದ ಹಡಗುಗಳಲ್ಲಿ ಕೆಲವು ಮುಳುಗಿದವು, ಕೆಲವು ಸುಟ್ಟವು, ಉಳಿದವನ್ನು ಒಡೆದು ಸೌದೆ ಮಾಡಿದರು. ಅಂಗೈ ಮೇಲೆ ಹೊರಬಹುದಾದ ಮಾದರಿಗಳು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಮುನ್ನೂರು ವರ್ಷಗಳನ್ನು ದಾಟಿ ಬಂದಿವೆ.

ನಮ್ಮ ದೇಶದ ಹಡಗುಗಾರಿಕೆಯ ಕಥೆಯೇ ಬೇರೆ. ನಮ್ಮ ಕುಶಲಕರ್ಮಿಗಳು ಯಾರಿಗೂ ಕಡಿಮೆಯಾದವರಲ್ಲ. ಸೂರತ್ತಿನಿಂದ ೧೭೩೬ರಲ್ಲಿ ಮುಂಬಯಿಗೆ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರಸಿ ಬಡಗಿಯ ವಂಶಸ್ಥರು ತಲೆಮಾರುಗಳ ಕಾಲ ಅಲ್ಲಿ ಹಡಗುಗಳನ್ನು ಕಟ್ಟಿದರು. ಅವರು ಬ್ರಿಟಿಷ್ ನೌಕಾಪಡೆಗಾಗಿ ಮಲಬಾರಿನ ತೇಗದಲ್ಲಿ ಕಟ್ಟಿದ ಟ್ರಿಂಕೋಮಲೀ ಎಂಬ ಯುದ್ಧನೌಕೆಯು ೧೮೧೭ರಲ್ಲಿ ನೀರಿಗಿಳಿಯಿತು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ನೀರಿನ ಮೇಲೆಯೇ ತೇಲುತ್ತಿದೆ. ಇದರ ನಕ್ಷೆಗಳ ಕಥೆ ಸ್ವಾರಸ್ಯವಾದುದು. ಮೊದಲು ಕಳುಹಿಸಿದ ನಕ್ಷೆಗಳನ್ನು ಹೊತ್ತ ಹಡಗು ೧೮೧೨ರಲ್ಲಿ ಅಮೆರಿಕದವರೊಡನೆ ನಡೆದ ಕಾಳಗದಲ್ಲಿ ನಾಶವಾಯಿತು. ಇನ್ನೊಮ್ಮೆ ನಕ್ಷೆ ಬರೆದು ಕಳುಹಿಸಬೇಕಾಯಿತು. ಕಾಗದದ ಮೇಲಿದ್ದುದರಿಂದ ಅದನ್ನು ಮತ್ತೆ ಬರೆಯುವುದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಏಕೆಂದರೆ ನಮ್ಮ ಕರಾವಳಿಯ ಮೇಸ್ತ್ರಿಗಳು ಕಾಗದವನ್ನೇ ಮುಟ್ಟುತ್ತಿರಲಿಲ್ಲ. ಕೇರಳದ ಬೇಪೂರಿನಲ್ಲಿ ಉರು ಎಂಬ ಬೃಹತ್ತಾದ ಮರದ ಹಡಗುಗಳನ್ನು ಕಟ್ಟುವ ಹಿರಿಯರು ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಮನೋಗಣಿತದ ಬಲದಿಂದಲೇ ಕೆಲಸ ನಡೆಸುತ್ತ ಬಂದವರು. ಕನ್ನಡ ಕರಾವಳಿಯಲ್ಲಿ ಸರಕು ಸಾಗಿಸುತ್ತಿದ್ದ ಮಂಜಿಗಳೂ ಹಾಗೆಯೇ ಹುಟ್ಟಿದವು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚುಗಳನ್ನು ಬಂದರಿನಿಂದ ಬಂದರಿಗೆ ಒಯ್ದದ್ದು ಹಾಯಿ ಬಿಚ್ಚಿದ ಮಂಜಿಗಳೇ. ಹೆಂಚು ಹೊದಿಸಿದ ಮನೆ ನಾಡಿನಲ್ಲಿ ಇಂದಿಗೂ ಬೇಕಾದಷ್ಟಿವೆ. ಅವನ್ನು ಹೊತ್ತ ಮಂಜಿಯಾದರೋ ಯಂತ್ರದ ದೋಣಿಗಳ ಮುಂದೆ ನಿಲ್ಲಲಾರದೆ ಹಿಂದೆ ಸರಿದುಹೋಯಿತು. ಒಬ್ಬ ಮೇಸ್ತ್ರಿ ಕಣ್ಣು ಮುಚ್ಚಿದರೆ ಒಂದು ನಕ್ಷೆಯ ಭಂಡಾರವೇ ಸುಟ್ಟುಹೋದಂತೆ. ಮಗನು ತಂದೆಯ ಉಳಿಯನ್ನು ಹಿಡಿದರೆ ವಿದ್ಯೆ ಉಳಿಯಿತು, ಹಿಡಿಯದಿದ್ದರೆ ಇಲ್ಲ. ಇಂತಹ ವಿದ್ಯೆಯನ್ನು ದಾಖಲಿಸಿಡುವುದಕ್ಕೆ ಅಳತೆಯ ಮಾದರಿಗಿಂತ ತಕ್ಕ ಸಾಧನ ನನಗೆ ಕಾಣದು. ಛಾಯಾಚಿತ್ರವು ಹಡಗಿನ ಹೊರಮೈಯನ್ನು ತೋರಿಸುತ್ತದೆ, ಕೀಲನ್ನು ತೋರಿಸುವುದಿಲ್ಲ.

ಮಾದರಿಯ ಬೆಲೆಯನ್ನು ನಮ್ಮ ಅರಸರು ಅರಿಯದೆ ಇರಲಿಲ್ಲ. ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದ ಬಳಿಕ ಕರಾವಳಿಯ ಬಂದರುಗಳು ಮೈಸೂರಿನವರ ಕೈಗೆ ಬಂದವು. ಟಿಪ್ಪು ಸುಲ್ತಾನನು ೧೭೯೬ರಲ್ಲಿ ಹಲವು ದೊಡ್ಡ ಯುದ್ಧನೌಕೆಗಳನ್ನು ಕಟ್ಟಿಸಲು ಆಜ್ಞೆ ಹೊರಡಿಸಿದಾಗ, ಆ ನೌಕೆಗಳ ಮಾದರಿಯನ್ನು ಅರಮನೆಯಿಂದಲೇ ಒದಗಿಸಲಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಯೋಜನೆಯೂ ಅಲ್ಲಿಗೇ ನಿಂತಿತು.

ಈಗ ನಮ್ಮ ಕಾಲದ ಒಂದು ನಿದರ್ಶನಕ್ಕೆ ಬರೋಣ. ೨೦೨೫ರ ಮೇ ೨೧ರಂದು ನಮ್ಮ ರಾಜ್ಯದ ಕಾರವಾರದ ನೌಕಾನೆಲೆಯಲ್ಲಿ ಒಂದು ವಿಲಕ್ಷಣವಾದ ಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅದರ ಹೆಸರು ಕೌಂಡಿನ್ಯ. ಹಿಂದೂ ಮಹಾಸಾಗರವನ್ನು ದಾಟಿ ಆಗ್ನೇಯ ಏಷ್ಯಕ್ಕೆ ಹೋದನೆಂದು ಐತಿಹ್ಯವು ಹೇಳುವ ನಾವಿಕನ ಹೆಸರದು. ಉಕ್ಕಿನ ಯುದ್ಧನೌಕೆಗಳೂ ವಿಮಾನವಾಹಕವೂ ತಂಗುವ ನೆಲೆಯಲ್ಲಿ ಯಂತ್ರವಿಲ್ಲದ, ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ, ಹತ್ತಿಯ ಹಾಯಿಗಳ ಹಡಗು! ಹೊಲಿಗೆಯ ಸಂದುಗಳನ್ನು ನಾರು, ಮರದ ಅಂಟು, ಎಣ್ಣೆಗಳಿಂದ ಮುಚ್ಚಲಾಗಿದೆ. ಯುರೋಪಿನವರು ಬರುವ ಮೊದಲು ಅರಬ್ಬೀ ಸಮುದ್ರದ ಎರಡು ದಡಗಳಲ್ಲಿಯೂ ಹಡಗುಗಳನ್ನು ಹೀಗೆ ಹೊಲಿದೇ ಕಟ್ಟುತ್ತಿದ್ದರು. ಹೊಲಿದ ಹಡಗು ಬಾಗುತ್ತದೆ. ಮರಳದಂಡೆಯನ್ನು ತಾಗಿದರೆ ಮೊಳೆ ಹೊಡೆದ ಹಡಗಿನಂತೆ ಥಟ್ಟನೆ ಸೀಳುವುದಿಲ್ಲ.

ಈ ಹಡಗನ್ನು ಕಟ್ಟುವುದು ಹೇಗೆ ಸಾಧ್ಯವಾಯಿತು ಎಂಬುದೇ ನಮಗೆ ಮುಖ್ಯವಾದ ಸಂಗತಿ. ನಕ್ಷೆಯಿರಲಿಲ್ಲ. ಸಮುದ್ರದಡಿಯಿಂದ ಎತ್ತಿದ ಹಳೆಯ ಹಡಗೂ ಇರಲಿಲ್ಲ. ಇದ್ದದ್ದು ಅಜಂತಾದ ಗುಹೆಯ ಗೋಡೆಯ ಮೇಲೆ ಐದನೆಯ ಶತಮಾನದ ಚಿತ್ರಕಾರನು ಬರೆದ ಒಂದು ಹಡಗಿನ ಚಿತ್ರ. ಚಿತ್ರಕಾರನು ನಾವಿಕನಲ್ಲ; ಅವನು ಬರೆದದ್ದು ಕಥೆಯ ಸನ್ನಿವೇಶವನ್ನು. ಉದ್ದವೆಷ್ಟು, ಅಗಲವೆಷ್ಟು, ನೀರಿನೊಳಗೆ ಎಷ್ಟು ಆಳ ಇಳಿಯುತ್ತದೆ—ಇವೊಂದೂ ಗೋಡೆಯ ಮೇಲಿಲ್ಲ. ೨೦೨೩ರ ಜುಲೈಯಲ್ಲಿ ಕೇಂದ್ರದ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಹೋಡಿ ಇನ್ನೊವೇಷನ್ಸ್ ಎಂಬ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಡಿಮರವನ್ನು ಇಡಲಾಯಿತು. ಹೊಲಿಗೆಯ ಕೆಲಸವನ್ನು ನಡೆಸಿದವರು ಬಾಬು ಶಂಕರನ್ ಎಂಬ ಹಿರಿಯ ಕುಶಲಕರ್ಮಿಯ ಮುಂದಾಳುತನದ ಕೇರಳದ ಬಡಗಿಗಳು. ಆಕಾರವು ಸಮುದ್ರಕ್ಕೆ ತಕ್ಕುದೇ ಎಂಬುದನ್ನು ಅರಿಯಲು ಮದ್ರಾಸಿನ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿಯ ಪರೀಕ್ಷೆ ನಡೆಯಿತು. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಹಡಗು. ಅವೆರಡರ ನಡುವೆ ಸೇತುವೆಯಾಗಿ ನಿಂತದ್ದು ಮಾದರಿ. ೨೦೨೫ರ ಡಿಸೆಂಬರ್ ೨೯ರಂದು ಕೌಂಡಿನ್ಯವು ಗುಜರಾತಿನ ಪೋರಬಂದರಿನಿಂದ ಹೊರಟು, ಮರುತಿಂಗಳು ಓಮಾನಿನ ಮಸ್ಕತ್ತನ್ನು ಮುಟ್ಟಿತು. ನೂನಿಜನ ಕಾಲದ ಕುದುರೆಗಳು ಬಂದ ಕಡಲ ದಾರಿಗೆ ಅದು ಬಹು ದೂರವಲ್ಲ.

ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸುವುದೆಂದರೆ ಸುಮ್ಮನೆ ತೇಲಿಬಿಡುವುದಲ್ಲ. ಇಲ್ಲಿ ಸ್ವಲ್ಪ ಗಣಿತವಿದೆ. ಆ ಗಣಿತವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಅರಿಯಲಾರದಷ್ಟು ಕಠಿಣವೆಂದು ನಾನು ಒಪ್ಪುವುದಿಲ್ಲ. ಹಡಗಿನ ಉದ್ದವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಅದರ ಹಾಯಿಯ ವಿಸ್ತೀರ್ಣವು ನೂರನೆಯ ಒಂದು ಭಾಗಕ್ಕೂ, ಒಡಲಿನ ಘನ ಅಳತೆಯು ಸಾವಿರದ ಒಂದು ಭಾಗಕ್ಕೂ ಇಳಿಯುತ್ತದೆ. ೫೦ ಟನ್ ತೂಗುವ ಹಡಗೊಂದಿದೆ ಎಂದಿಟ್ಟುಕೊಳ್ಳಿ. ಅದರ ೫೦ರಲ್ಲಿ ಒಂದು ಭಾಗದ ಮಾದರಿಯು ನೀರಿನಲ್ಲಿ ನಿಜವಾದ ಹಡಗು ಮುಳುಗುವ ಗೆರೆಯವರೆಗೆ ಮುಳುಗಬೇಕಾದರೆ ಎಷ್ಟು ತೂಗಬೇಕು? ಐವತ್ತರ ಘನವೆಂದರೆ ೧,೨೫,೦೦೦. ೫೦,೦೦೦ ಕಿಲೋಗ್ರಾಮನ್ನು ಅದರಿಂದ ಭಾಗಿಸಿದರೆ ಬರುವುದು ೪೦೦ ಗ್ರಾಮು. ಐವತ್ತು ಟನ್ನಿನ ಐವತ್ತನೆಯ ಭಾಗ, ಅಂದರೆ ಒಂದು ಟನ್, ಎಂದು ಲೆಕ್ಕ ಹಾಕಿದವನ ಹಡಗು ತೊಟ್ಟಿಯ ತಳವನ್ನು ಸೇರುತ್ತದೆ. ವೇಗದ ಲೆಕ್ಕ ಇನ್ನೂ ಬೇರೆ. ೧೮೭೦ರ ದಶಕದ ಆದಿಯಲ್ಲಿ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು ಟಾರ್ಕೀ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಮೇಣದಿಂದ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆದು ಪ್ರಯೋಗ ನಡೆಸಿದನು. ೨೫ರಲ್ಲಿ ಒಂದು ಭಾಗದ ಮಾದರಿಯು ನಿಜವಾದ ಹಡಗು ಎಬ್ಬಿಸುವಂತಹ ಅಲೆಗಳನ್ನೇ ಎಬ್ಬಿಸಬೇಕಾದರೆ ಅದು ಹಡಗಿನ ವೇಗದ ೨೫ನೆಯ ಒಂದು ಭಾಗದಲ್ಲಲ್ಲ, ಐದನೆಯ ಒಂದು ಭಾಗದಲ್ಲಿ ಚಲಿಸಬೇಕೆಂದು, ಅಂದರೆ ವರ್ಗಮೂಲದ ಲೆಕ್ಕದಲ್ಲಿ ಚಲಿಸಬೇಕೆಂದು, ಅವನು ತೋರಿಸಿಕೊಟ್ಟನು. ವರ್ಗಮೂಲವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಮಕ್ಕಳಿಗೆ, ಅದು ನೀರಿನ ಮೇಲೆ ಓಡಾಡುವುದನ್ನು ಒಮ್ಮೆಯಾದರೂ ತೋರಿಸಬೇಡವೆ?

ಆಕ್ಷೇಪಗಳಿಲ್ಲವೆಂದಲ್ಲ. ಹತ್ತನೆಯ ತರಗತಿಯ ಪರೀಕ್ಷೆಯು ಬಾಗಿಲಲ್ಲಿ ನಿಂತಿರುವಾಗ ಉಳಿ, ಗರಗಸಗಳನ್ನು ಹಿಡಿದು ಕುಳಿತರೆ ಗತಿಯೇನೆಂದು ತಂದೆತಾಯಿಗಳು ಕೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿಂದುಳಿದ ಜಿಲ್ಲೆಯೆಂಬ ಹಣೆಪಟ್ಟಿಯನ್ನು ಹೊತ್ತ ನಾಡಿನಲ್ಲಿ ಅಂಕಗಳೇ ಏಣಿಯಾಗಿವೆ. ಆ ಏಣಿಯನ್ನು ಒದೆಯಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ವಾರಕ್ಕೆ ಎರಡು ಅವಧಿಗಳನ್ನು ಕೊಟ್ಟರೆ ಒಂದು ಮಾದರಿಯು ಒಂದು ವರ್ಷದಲ್ಲಿ ಮುಗಿಯುತ್ತದೆ. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಅಂಗಡಿಗೆ ಓಡಿ, ಥರ್ಮೋಕೋಲನ್ನೂ ಬಣ್ಣದ ಕಾಗದವನ್ನೂ ತಂದು, ಅಪ್ಪನೋ ಅಣ್ಣನೋ ಕತ್ತರಿಸಿ ಅಂಟಿಸಿದ ಜ್ವಾಲಾಮುಖಿಗೂ ಅಣೆಕಟ್ಟಿಗೂ ನಾವು ಈಗಾಗಲೇ ಕೊಡುತ್ತಿರುವ ಸಮಯವನ್ನು ಕೂಡಿಸಿದರೆ ಅದಕ್ಕಿಂತ ಬಹಳ ಕಡಿಮೆಯಾಗಲಾರದು. ಪ್ರದರ್ಶನ ಮುಗಿದ ಮರುದಿನ ಆ ಥರ್ಮೋಕೋಲು ಶಾಲೆಯ ಹಿಂದಿನ ತಿಪ್ಪೆಯಲ್ಲಿ ಬಿದ್ದಿರುತ್ತದೆ, ಕೊಳೆಯುವುದೂ ಇಲ್ಲ.

ಹಣದ ಮಾತು ಬೇರೆ. ಪಾಶ್ಚಾತ್ಯ ದೇಶಗಳಲ್ಲಿ ಹಡಗಿನ ಮಾದರಿಗಳ ತುಂಡುಗಳನ್ನು ಯಂತ್ರದಿಂದ ಕತ್ತರಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡವನು ಸಂಖ್ಯೆಯ ಪ್ರಕಾರ ಜೋಡಿಸಿದರಾಯಿತು. ಅವುಗಳ ಬೆಲೆ ನಮ್ಮ ಕೈಗೆಟುಕುವಂತಹುದಲ್ಲ. ಎಟುಕಿದರೂ ಅವು ನಮಗೆ ಬೇಡವೆಂದೇ ನನ್ನ ಅಭಿಪ್ರಾಯ. ಯೋಚನೆಯೆಲ್ಲ ಕಾರ್ಖಾನೆಯಲ್ಲಿಯೇ ಮುಗಿದುಹೋಗಿದ್ದರೆ ಜೋಡಿಸುವವನಿಗೆ ಉಳಿಯುವುದು ಅಂಟು ಮಾತ್ರ. ನಮಗೆ ಬೇಕಾದುದು ಹಳೆಯ ಬಾಗಿಲಿನ ತೇಗದ ತುಂಡು, ಸೀಳಿದ ಬಿದಿರು, ಗಟ್ಟಿ ದಾರ, ಹತ್ತಿಬಟ್ಟೆ. ಊರಿನ ಬಡಿಗರ ಅಂಗಳದಲ್ಲಿ ಬೀಳುವ ಚೂರುಗಳಲ್ಲಿ ಒಂದು ಹಡಗಿಗಾಗುವಷ್ಟು ಮರವಿರುತ್ತದೆ. ಅದಕ್ಕಿಂತಲೂ ಮಿಗಿಲಾಗಿ, ಮರದ ಎಳೆ ಯಾವ ಕಡೆಗೆ ಓಡುತ್ತದೆ, ಉಳಿಯನ್ನು ಯಾವ ಕಡೆಯಿಂದ ಇಡಬೇಕು ಎಂಬುದನ್ನು ಹೇಳಿಕೊಡುವ ಗುರುವೂ ಅಲ್ಲಿಯೇ ಇದ್ದಾನೆ. ಬಡಿಗನೊಬ್ಬನನ್ನು ಶಾಲೆಗೆ ಕರೆದು, ಕುರ್ಚಿಯಲ್ಲಿ ಕುಳ್ಳಿರಿಸಿ, ಗುರುವೆಂದು ಕಾಣುವ ಒಂದು ಸಂದರ್ಭವನ್ನು ಈ ಕೆಲಸ ಒದಗಿಸುತ್ತದೆ. ಸದ್ಯ ನಾವು ಅವನನ್ನು ಕರೆಯುವುದು ಮುರಿದ ಬೆಂಚನ್ನು ರಿಪೇರಿ ಮಾಡಿಸುವುದಕ್ಕೆ ಮಾತ್ರ. ೧೯೯೭ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟನ್ನು ಬಳಸಿ ಬಣ್ಣದ ಬೊಂಬೆಗಳನ್ನು ಮಾಡುವ ಮನೆತನಗಳಿವೆ. ಮರಗೆಲಸದ ಕುಶಲತೆಗೆ ನಾವು ಸ್ಟಾಕ್‌ಹೋಮಿಗೆ ಹೋಗಬೇಕಾಗಿಲ್ಲ.

ಸ್ಟಾಕ್‌ಹೋಮಿಗೆ ಹೋಗಬೇಕಾದುದು ಬೇರೊಂದು ಪಾಠಕ್ಕೆ. ಸ್ವೀಡನ್ನಿನ ದೊರೆಯು ಕಟ್ಟಿಸಿದ ವಾಸಾ ಎಂಬ ಯುದ್ಧನೌಕೆಯು ೧೬೨೮ರ ಆಗಸ್ಟ್ ೧೦ರಂದು ಮೊದಲ ಯಾನಕ್ಕೆ ಹೊರಟು, ಒಂದು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು ಸಾಗಿ, ಬಂದರಿನೊಳಗೇ ಮಗುಚಿ ಮುಳುಗಿತು. ೬೪ ಫಿರಂಗಿಗಳು, ಎತ್ತರವಾದ ಮೇಲ್ಭಾಗ. ಕೆಳಗಿನ ಒಡಲು ಅದಕ್ಕೆ ತಕ್ಕಷ್ಟು ಅಗಲವಾಗಿರಲಿಲ್ಲ. ಹೊರಡುವ ಮೊದಲು ಮೂವತ್ತು ಮಂದಿಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿಸಿ ನೋಡಿದ್ದರು. ಹಡಗು ಮಗುಚುವಷ್ಟು ಹೊಯ್ದಾಡಿದ್ದರಿಂದ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿದರೇ ಹೊರತು ಯಾನವನ್ನು ನಿಲ್ಲಿಸಲಿಲ್ಲ. ದೊರೆಗೆ ಅವಸರವಿತ್ತು. ೩೩೩ ವರ್ಷಗಳ ಬಳಿಕ, ೧೯೬೧ರಲ್ಲಿ, ಆ ಹಡಗನ್ನು ಹೆಚ್ಚುಕಡಿಮೆ ಇಡಿಯಾಗಿಯೇ ಮೇಲಕ್ಕೆತ್ತಿದರು. ಅದರ ವಸ್ತುಸಂಗ್ರಹಾಲಯದಲ್ಲಿ ಹತ್ತರಲ್ಲಿ ಒಂದು ಭಾಗದ ಮಾದರಿಯೊಂದಿದೆ. ಹಡಗಿನ ಮರ ಈಗ ಕಪ್ಪಾಗಿದೆ. ಮಾದರಿಯು ಮಾತ್ರ ಅಂದಿನ ಬಣ್ಣಗಳನ್ನು ಧರಿಸಿ ನಿಂತಿದೆ. ಆ ಬಣ್ಣಗಳ ವಿಷಯದಲ್ಲಿ ವಿದ್ವಾಂಸರು ಮೊದಲು ಊಹಿಸಿದ್ದು ನೀಲಿಯ ಹಿನ್ನೆಲೆಯನ್ನು. ಮರದಲ್ಲಿ ಅಂಟಿಕೊಂಡಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅದು ಕೆಂಪೆಂದು ತಿಳಿಯಿತು. ಊಹೆಯನ್ನು ಬಿಟ್ಟುಕೊಟ್ಟು ಕೆಂಪನ್ನೇ ಒಪ್ಪಿಕೊಂಡರು.

ನಾನು ಹೇಳಬೇಕಾದುದು ಇದನ್ನೇ. ಮಾದರಿಯು ಚೆಲುವಾಗಿರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದು ಸತ್ಯವಾಗಿರಬೇಕೆಂಬ ಹಟ ಕೆಲವರಿಗೆ ಮಾತ್ರ. ಬಾದಾಮಿಯ ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯ ಮೇಲೆ ದಾಳಿ ಮಾಡಿದನೆಂದು ೬೩೪ರ ಐಹೊಳೆಯ ಶಾಸನವು ಹೇಳುತ್ತದೆ. ಅಭಿಮಾನಪಡಬೇಕಾದ ಸಂಗತಿಯೇ ಸರಿ. ಆದರೆ ಆ ನೌಕೆಗಳ ಅಳತೆಯಾಗಲಿ ಆಕಾರವಾಗಲಿ ಶಾಸನದಲ್ಲಿಲ್ಲ. ನಾಳೆ ಯಾರಾದರೂ ಒಂದು ಮರದ ಹಡಗನ್ನು ಕೆತ್ತಿ, ಚಿನ್ನದ ಬಣ್ಣ ಬಳಿದು, ‘ಇದು ಪುಲಕೇಶಿಯ ಹಡಗು’ ಎಂದು ಚೀಟಿ ಅಂಟಿಸಿದರೆ ಅದು ಅಭಿಮಾನವಲ್ಲ, ಸುಳ್ಳುಸಾಕ್ಷಿ. ಕಡಲಕಾಳಗದ ಚಿತ್ರವಿರುವ ವೀರಗಲ್ಲುಗಳು ಗೋವೆಯ ವಸ್ತುಸಂಗ್ರಹಾಲಯದಲ್ಲಿಯೂ ಮುಂಬಯಿಯ ಎಕ್ಸಾರಿನಲ್ಲಿಯೂ ಇವೆ. ಗೋವೆಯದು ಕದಂಬರ ಕಾಲದ್ದು. ಅವನ್ನು ಆಧಾರವಾಗಿಟ್ಟು ಕಟ್ಟಿದವನು, ಇಷ್ಟು ಭಾಗ ಕಲ್ಲಿನಲ್ಲಿ ಕಂಡದ್ದು, ಇಷ್ಟು ನನ್ನ ಊಹೆ ಎಂದು ಬರೆಯಲಿ. ಕೌಂಡಿನ್ಯದ ಹಾಯಿಯ ಮೇಲೆ ಗಂಡಭೇರುಂಡವಿದೆ, ಅಟ್ಟದ ಮೇಲೆ ಹರಪ್ಪ ಶೈಲಿಯ ಕಲ್ಲಿನ ಲಂಗರಿದೆ. ಗಂಡಭೇರುಂಡವು ನಮ್ಮ ರಾಜ್ಯದ ಲಾಂಛನವೂ ಆಗಿರುವುದರಿಂದ ನಮಗೆ ಅದನ್ನು ಕಂಡು ಹಿಗ್ಗುಂಟಾಗುತ್ತದೆ. ಸಾವಿರಾರು ವರ್ಷಗಳ ನೌಕಾಪರಂಪರೆಯನ್ನು ಸಾರಲು ಹೊರಟ ಹಡಗಿಗೆ ಇವು ಭೂಷಣವೇ. ಐದನೆಯ ಶತಮಾನದ ಹಡಗಿನ ಮಾದರಿಯೆಂದು ಹೇಳಿ ಕಟ್ಟುವ ವಿದ್ಯಾರ್ಥಿಯಾದರೋ ಹರಪ್ಪದ ಲಂಗರನ್ನು ಅದರಲ್ಲಿ ಇಡಲಾಗದು.

ಹಾಗಾದರೆ ಮಟಮಾರಿಯ ಕಡೆಯ ಶಾಲೆಯೊಂದು ಯಾವ ಹಡಗಿನಿಂದ ಪ್ರಾರಂಭಿಸಬೇಕು? ನನ್ನನ್ನು ಕೇಳಿದರೆ, ಹರಿಗೋಲಿನಿಂದ. ಅದಕ್ಕೆ ಹಾಯಿಯಿಲ್ಲ, ಕೂವೆಯಿಲ್ಲ, ಹಿಂದುಮುಂದುಗಳೂ ಇಲ್ಲ. ಹಡಗುಗಳ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಲು ಹಲವರು ಒಪ್ಪಲಿಕ್ಕಿಲ್ಲ. ಆದರೂ ಅದು ಹಳೆಯದು, ನಮ್ಮದು, ಮತ್ತು ಅಳೆಯುವುದಕ್ಕೆ ಇಂದೂ ಸಿಕ್ಕುವಂತಹುದು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆ ದಾಟುವುದನ್ನು ವಿವರಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಿದ್ದರು, ಎತ್ತು ಕುದುರೆಗಳನ್ನೂ ದಾಟಿಸುತ್ತಿದ್ದರು. ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದುದನ್ನು ಬಿಟ್ಟರೆ ಐನೂರು ವರ್ಷಗಳಲ್ಲಿ ಅದರ ಆಕಾರ ಬದಲಾಗಿಲ್ಲ. ರಾಯಚೂರು ತಾಲ್ಲೂಕಿನ ಕುರವಪುರದಂತಹ ಕೃಷ್ಣೆಯ ನಡುಗಡ್ಡೆಗಳಿಗೆ ಜನರು ಇದರಲ್ಲಿಯೇ ಹೋಗಿ ಬರುತ್ತಿದ್ದರು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನಂತಹ ವಚನಕಾರನು ಬದುಕಿಗಾಗಿ ಹಿಡಿದ ಕಾಯಕವೂ ಹೊಳೆ ದಾಟಿಸುವುದೇ. ಇಂದು ಸೇತುವೆಗಳು ಬಂದಂತೆಲ್ಲ ಹರಿಗೋಲು ದಡ ಸೇರುತ್ತಿದೆ. ಸೇತುವೆ ಬೇಕು, ಪ್ರವಾಹದ ಕಾಲದಲ್ಲ್ಲಿ ತೆಪ್ಪವನ್ನು ನಂಬಿ ಹೊಳೆಗಿಳಿಯುವವರ ಕಷ್ಟವನ್ನು ಬಲ್ಲವನು ಸೇತುವೆ ಬೇಡವೆನ್ನಲಾರನು. ಆದರೆ ಕೊನೆಯ ಹರಿಗೋಲನ್ನು ಹೆಣೆದವರು ಕೈ ತೊಳೆದುಕೊಳ್ಳುವ ಮೊದಲು ಅದರ ಅಳತೆಯನ್ನು ಬರೆದುಕೊಳ್ಳುವುದು ನಮ್ಮ ಕೈಯಲ್ಲಿದೆ.

ಎರಡು ಮೀಟರ್ ಅಡ್ಡಗಲದ ಹರಿಗೋಲು ಹತ್ತರಲ್ಲಿ ಒಂದು ಭಾಗಕ್ಕಿಳಿದರೆ ಇಪ್ಪತ್ತು ಸೆಂಟಿಮೀಟರಿನ ಬುಟ್ಟಿಯಾಗುತ್ತದೆ. ಬಿದಿರಿನ ಸೀಳುಗಳು ತಳದಲ್ಲಿ ಎಷ್ಟು, ಅವು ಒಂದನ್ನೊಂದು ದಾಟುವ ಕ್ರಮವೇನು, ಅಂಚಿನ ಬಳೆಯನ್ನು ಎಷ್ಟು ಸುತ್ತು ಕಟ್ಟುತ್ತಾರೆ, ಹುಟ್ಟಿನ ಅಲಗು ಎಷ್ಟು ಅಗಲ—ಇವನ್ನು ಹೆಣೆಯುವ ಮೇದಾರರನ್ನೂ ನಡೆಸುವ ಅಂಬಿಗರನ್ನೂ ಕೇಳಿ ಬರೆದುಕೊಳ್ಳಬೇಕು. ಆ ಬಳಿಕ ಮಂಜಿ, ಆಮೇಲೆ ಅಜಂತಾದ ಹಡಗು. ಕೌಂಡಿನ್ಯದ ಉದ್ದ ಸುಮಾರು ೨೦ ಮೀಟರ್. ಐವತ್ತರಲ್ಲಿ ಒಂದು ಭಾಗವೆಂದರೆ ಮೇಜಿನ ಮೇಲೆ ೪೦ ಸೆಂಟಿಮೀಟರ್.

ರಾಯಚೂರಿನ ಕೋಟೆಯಲ್ಲಿ ಒಂದು ಕಲ್ಲಿದೆ; ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ, ಅದನ್ನು ಗೋಡೆಯಲ್ಲಿ ಕೂರಿಸಿದರು. ಸುಮಾರು ೪೧ ಅಡಿ ಉದ್ದದ ಒಂದೇ ಬಂಡೆ. ಅದನ್ನು ತಂದವರು ಶಾಸನವನ್ನು ಕೆತ್ತಿಸಿದುದಲ್ಲದೆ, ತಂದ ಬಗೆಯನ್ನೂ ಗೋಡೆಯ ಮೇಲೆ ಗೆರೆಗಳಲ್ಲಿ ಬಿಡಿಸಿದ್ದಾರೆ. ಬಂಡಿಯ ಮೇಲೆ ಮಲಗಿದ ಬಂಡೆ, ಮುಂದೆ ಕೋಣಗಳ ಉದ್ದನೆಯ ಸಾಲು, ಗಾಲಿಗೆ ಸನ್ನೆಕೋಲು ಹಾಕುತ್ತಿರುವ ಆಳುಗಳು. ಅರಸನ ಹೆಸರಿಗಿಂತ ಹೆಚ್ಚಾಗಿ ನೋಡುವವರ ಕಣ್ಣು ನಿಲ್ಲುವುದು ಆ ಗಾಲಿಗಳ ಮೇಲೆಯೇ. ಶಾಲೆಯ ಕಪಾಟಿನಲ್ಲಿ ಇಡುವ ಹರಿಗೋಲಿನ ಮಾದರಿಯ ಕೆಳಗೂ ಅಂತಹ ಒಂದು ಚೀಟಿಯಿರಲಿ: ಯಾವ ಊರಿನ ಯಾವ ಕಡವಿನಲ್ಲಿ ಅಳೆದದ್ದು, ಯಾವ ದಿನ, ಹೆಣೆದವರು ಯಾರು, ಅಳೆದ ಮಕ್ಕಳು ಯಾರು, ಅಳತೆ ಸಿಕ್ಕದೆ ಅಂದಾಜಿನಿಂದ ಮಾಡಿದ ಭಾಗ ಯಾವುದು.